ಸಹಾಯ ಬೇಕು: ಬೆಲಾರಸ್ ಗಡಿಯ ಕಾಡಿಗೆ ಬೂಟು, ಪವರ್ ಬ್ಯಾಂಕ್

ವಾರ್ಸಾದಲ್ಲಿರುವ ಕನ್ನಡದವರೇ, ಪೋಲೆಂಡ್-ಬೆಲಾರಸ್ ಗಡಿಯ ಬಿಯಾಲೊವೇಝಾ ಕಾಡಿಗೆ, ಅಲ್ಲಿ ಸಿಕ್ಕಿಹಾಕಿಕೊಂಡ ವಲಸಿಗರಿಗೆ ನೆರವಾಗಲು ಹೋಗುವ ಸ್ವಯಂಸೇವಕರಿಗೆ ಸಾಮಾನು ಸೇರಿಸುತ್ತಿದ್ದೇವೆ. 2022ರಲ್ಲಿ ಐದೂವರೆ ಮೀಟರ್ ಎತ್ತರದ ಉಕ್ಕಿನ ಬೇಲಿ ಎದ್ದರೂ ಜನ ದಾಟಿ ಬರುವುದು ನಿಂತಿಲ್ಲ, ಸಿಕ್ಕಿಬಿದ್ದರೆ ಪೋಲೆಂಡಿನವರು ಆ ಕಡೆ ತಳ್ಳುತ್ತಾರೆ, ಬೆಲಾರಸ್‌ನವರು ಮತ್ತೆ ಈ ಕಡೆಗೆ, ನಡುವೆ ಜೌಗು ನೆಲದಲ್ಲಿ ಒದ್ದೆ ಕಾಲಲ್ಲೇ ದಿನಗಟ್ಟಲೆ. ಸಿರಿಯಾ, ಅಫ್ಘಾನಿಸ್ತಾನ, ಇಥಿಯೋಪಿಯಾ, ಎಲ್ಲೆಲ್ಲಿಂದಲೋ ಬಂದವರು.

ಬೂಟು, ಉಣ್ಣೆಯ ಕಾಲುಚೀಲ, ಪವರ್ ಬ್ಯಾಂಕ್, ಥರ್ಮಾಸ್ ಬೇಕು. ಜಾಕೆಟ್ ಕಪ್ಪು ಅಥವಾ ಕಡು ಹಸಿರಿನದ್ದೇ ಕೊಡಿ, ಎದ್ದು ಕಾಣುವ ಬಣ್ಣ ಅಲ್ಲಿ ಯಾರೂ ಹಾಕಿಕೊಳ್ಳಲ್ಲ, ಗಡಿ ಕಾವಲಿನವರ ಕಣ್ಣಿಗೆ ಬೀಳಬಾರದಲ್ವಾ. ಹಳೇ ಕಾಟನ್ ಬಟ್ಟೆ ದಯವಿಟ್ಟು ಬೇಡ, ಒದ್ದೆಯಾದರೆ ಒಣಗೋದೇ ಇಲ್ಲ. ಇನ್ನೊಂದು, ಅರಬಿ ಭಾಷೆ ಬರುವವರು ಕಾಡಿನಲ್ಲಿರುವವರ ಜೊತೆ ಫೋನಿನಲ್ಲಿ ಮಾತಾಡಿ ನಮಗೆ ತಿಳಿಸಿ ಕೊಡಬೇಕು. ಗಲ್ಫಿನಲ್ಲಿ ದುಡಿದು ಬಂದ ಮಂಗಳೂರಿನವರು ಇಲ್ಲಿದ್ದೀರಲ್ಲ! ಶನಿವಾರ ಬೆಳಿಗ್ಗೆ ಗಾಡಿ ಹೊರಡುತ್ತದೆ, ಅಷ್ಟರೊಳಗೆ ಮೆಸೇಜ್ ಮಾಡಿ.