ಬೀಮ್ ಬಿರುಕು ಬಿಟ್ಟರೂ ಓಟಿಡಿಆರ್‌ಗೆ ಕಾಣಲಿಲ್ಲ, ಎಲ್ಲಿ ತಪ್ಪಿದೆವು?

ಪ್ರಶ್ನೆ (ಬಾಗಲಕೋಟೆ, ಸಿವಿಲ್ ಕೊನೆಯ ವರ್ಷ): ಪ್ರಾಜೆಕ್ಟಿಗೆ 2 ಮೀಟರಿನ ಕಾಂಕ್ರೀಟ್ ಬೀಮ್ ಹಾಕಿ, ಬಿರುಕು ಹಿಡಿಯಲು ಒಳಗೆ ತಳದ ಕಡೆ ಉದ್ದಕ್ಕೂ ಆಪ್ಟಿಕಲ್ ಫೈಬರ್ ಎಳೆದಿದ್ದೆವು. ಕೇಬಲ್ ಕೆಲಸದವರಿಂದ ಓಟಿಡಿಆರ್ (ಫೈಬರಿಗೆ ಬೆಳಕಿನ ಪಲ್ಸ್ ಬಿಟ್ಟು, ಎಷ್ಟು ದೂರದಿಂದ ಎಷ್ಟು ಬೆಳಕು ಮರಳಿತು ಅಂತ ಗ್ರಾಫಿನಲ್ಲಿ ತೋರಿಸುವ ಮಷಿನ್) ಎರವಲು ತಂದೆವು, ಮಷಿನ್‌ಗೂ ಬೀಮಿಗೂ ನಡುವೆ ಹಾಕುವ 100 ಮೀಟರ್ ಲಾಂಚ್ ಕೇಬಲ್ ಸಮೇತ. ಲೋಡ್ ಕೊಟ್ಟಾಗ ಬಿರುಕು ಕಣ್ಣಿಗೇ ಕಂಡಿತು, ಗ್ರಾಫ್ ಮಾತ್ರ ಕದಲಲಿಲ್ಲ. ಅದೂ ಸಾಲದು ಅಂತ 200 ಮೀಟರಿನಲ್ಲಿ ಒಂದು ಏರು ಬರುತ್ತಿದೆ. ಅಷ್ಟುದ್ದ ಫೈಬರೇ ಇಲ್ಲ! ಗ್ರೇಟಿಂಗ್ ಸೆನ್ಸರ್ (ಎಳೆದರೆ ವಾಪಸು ಕಳಿಸುವ ಬೆಳಕಿನ ತರಂಗಾಂತರ ಬದಲಾಗುವ ಫೈಬರ್) ಕೊಳ್ಳಬೇಕಾ?

ವಿಜಯಪುರದಿಂದ, ಫೈಬರ್ ಸ್ಪ್ಲೈಸಿಂಗ್ ಕೆಲಸ: ತಮ್ಮಾ, 200ರದ್ದು ಘೋಸ್ಟ್, ಅಂದರೆ ಸುಳ್ಳು ಏರು. ಗೋಳಗುಮ್ಮಟದಲ್ಲಿ ಒಂದು ಸಲ ಚಪ್ಪಾಳೆ ತಟ್ಟಿದರೆ ಹಲವು ಸಲ ಕೇಳಿಸುತ್ತದಲ್ಲ, ಹಾಗೆ. 100ರ ಕನೆಕ್ಟರಿಗೆ ಬಡಿದ ಬೆಳಕು ಮಷಿನ್‌ಗೆ ವಾಪಸು ಬಂದು, ಮತ್ತೊಂದು ಸುತ್ತು ಹೋಗಿ ಬಂದಿದೆ. ಕನೆಕ್ಟರ್ ಒರೆಸಿ ನೋಡು, ಬಹಳ ಸಲ ಅಷ್ಟಕ್ಕೇ ಇಳಿಯುತ್ತದೆ. ಪಲ್ಸ್ ಎಷ್ಟಿಟ್ಟಿದ್ದೆ? 100 ನ್ಯಾನೋಸೆಕೆಂಡ್ ಇದ್ದರೆ ಸುಮಾರು 10 ಮೀಟರ್ ಒಂದೇ ಮುದ್ದೆಯಾಗಿ ಕಾಣುತ್ತದೆ, ನಿನ್ನ ಇಡೀ ಬೀಮ್ ಅದರೊಳಗೆ ಮುಳುಗಿಹೋಯಿತು. 10 ಇಟ್ಟರೂ 1 ಮೀಟರ್. ಕನೆಕ್ಟರ್ ಆದಮೇಲಿನ ಡೆಡ್ ಝೋನ್ (ಅದರ ಜೋರು ಹೊಳಪಿಗೆ ಮಷಿನ್‌ಗೆ ಏನೂ ಕಾಣದ ಜಾಗ) ಬೇರೆ. ಬೀಮಿನ ಹಿಂದೆ ಮುಂದೆ ಉದ್ದ ಸುರುಳಿ ಬಿಡು.

ಬೆಳಗಾವಿಯಿಂದ, ಲ್ಯಾಬಿನಲ್ಲಿ ಇದೇ ಪಾಡು ಪಟ್ಟವನು: ಮಷಿನ್ ಸರಿ ಮಾಡಿದರೂ ಕಾಣುವುದಿಲ್ಲ. ಸಾಮಾನ್ಯ ಓಟಿಡಿಆರ್ ಎಳೆತ ಅಳೆಯುವುದಿಲ್ಲ. ಬೆಳಕು ಎಲ್ಲಿ ಸೋರಿತು, ಎಲ್ಲಿ ಕಡಿಯಿತು, ಅಷ್ಟೇ ಅದಕ್ಕೆ ಗೊತ್ತು. ನೇರ ಎಳೆದ ಫೈಬರ್ ಬಿರುಕಿನಲ್ಲಿ ಬಾಗುವುದೇ ಇಲ್ಲ, ಸೋರುವುದೆಲ್ಲಿಂದ? ಬಿರುಕಿಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ, ಅಂಕುಡೊಂಕಾಗಿ ಹಾಯಿಸಿ. ಬಿರುಕು ಬಾಯಿ ತೆರೆದರೆ ಅಲ್ಲೇ ಮಡಿಚಿಕೊಳ್ಳುತ್ತದೆ. 1550 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ನೋಡಿ, ಬಾಗಿದ ನಷ್ಟ 1310ಕ್ಕಿಂತ ಜಾಸ್ತಿ ಕಾಣುತ್ತದೆ. ಒಂದೊಂದು ಸಾಲಿನ ನಡುವೆ ಹತ್ತು ಮೀಟರ್ ಸುರುಳಿಯನ್ನು ಹೊರಗೆ ಬಿಟ್ಟರೆ ಯಾವ ಸಾಲು ಅಂತ ತಿಳಿಯುತ್ತದೆ. ಇನ್ನೊಂದು ಮಾತು: ಲೂಸ್ ಟ್ಯೂಬ್ (ಫೈಬರ್ ಸಡಿಲವಾಗಿ ಕೂತ ಕೊಳವೆ) ಹೂತಿದ್ದರೆ ಫೈಬರ್ ಒಳಗೇ ಜಾರಿಕೊಂಡು ಆರಾಮಾಗಿರುತ್ತದೆ. ಅಂಟಿಕೊಳ್ಳುವಂಥದ್ದು ಬೇಕು. ನಮ್ಮ ಮೊದಲ ಎರಡು ಬೀಮಿನಲ್ಲಿ ಫೈಬರ್ ಕಡಿದದ್ದು ಲೋಡಿಗಲ್ಲ. ಒಂದರಲ್ಲಿ ವೈಬ್ರೇಟರ್ ನೀಡಲ್ ತಗುಲಿತು, ಇನ್ನೊಂದು ಅಚ್ಚು ಬಿಚ್ಚುವಾಗ ಬಾಯಿಯ ಹತ್ತಿರವೇ ಪಟ್ ಅಂತು. ಹೊರಬರುವ ಕಡೆ ಮೆತ್ತನೆ ಪೈಪು ತೊಡಿಸಿ.

ಬಾಗಲಕೋಟೆಯಿಂದ, ಮೇಷ್ಟರು: ಗ್ರೇಟಿಂಗ್ ಕೊಳ್ಳುವ ಮುಂಚೆ ಒಂದು ಲೆಕ್ಕ ಹಾಕಪ್ಪಾ. 1550ರ ಗ್ರೇಟಿಂಗಿನ ತರಂಗಾಂತರ 1 ಮೈಕ್ರೋಸ್ಟ್ರೇನಿಗೆ (ಉದ್ದದ ಹತ್ತು ಲಕ್ಷದಲ್ಲೊಂದು ಪಾಲು ಹಿಗ್ಗಿದರೆ) ಸುಮಾರು 1.2 ಪಿಕೋಮೀಟರ್ ಸರಿಯುತ್ತದೆ, 1 ಡಿಗ್ರಿ ಬಿಸಿಗೆ ಸುಮಾರು 10. ಬೀಮ್ ಬಿಸಿಲಲ್ಲಿದ್ದು 20 ಡಿಗ್ರಿ ಏರಿತು ಅಂದುಕೋ. ಲೋಡೇ ಇಲ್ಲದೆ ಸುಮಾರು 167 ಮೈಕ್ರೋಸ್ಟ್ರೇನಿನಷ್ಟು ಸುಳ್ಳು ಓದು ಬಂತು! ಕಾಂಕ್ರೀಟ್ ಬಿರುಕು ಬಿಡುವುದೇ ಸುಮಾರು 100ರಿಂದ 150ರ ಎಳೆತಕ್ಕೆ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ. ಬೀಮಿಗೆ ಅಂಟದಂತೆ ಪಕ್ಕದಲ್ಲಿ ಇನ್ನೊಂದು ಗ್ರೇಟಿಂಗ್ ಇಟ್ಟು, ಬಿಸಿಯ ಪಾಲು ಕಳೆಯಲೇಬೇಕು. ಅದನ್ನು ಓದುವ ಇಂಟರಾಗೇಟರ್ ಬೆಲೆ ಕೇಳಿದ್ದೀಯಾ? ಮೊದಲು ಅದನ್ನು ಕೇಳು.

ಬೆಳಗಾವಿಯಿಂದ, ಫೌಂಡ್ರಿ: ಎರಕದೊಳಗೆ ಆಗಲೇ ಇರುವ ಗಾಳಿಗುಳ್ಳೆಗೆ ಫೈಬರ್ ಉಪಯೋಗವಿಲ್ಲ, ನಾವು ಅಲ್ಟ್ರಾಸಾನಿಕ್ಕೇ ಹಿಡಿಯುತ್ತೇವೆ. ಫೈಬರ್ ಇರುವುದು ಮುಂದೆ ಬರುವ ಬಿರುಕನ್ನು ಕಾಯುವುದಕ್ಕೆ.

ಕೇಳಿದವನು: ಪಲ್ಸ್ 100 ಇತ್ತು, ಫೈಬರ್ ಲೂಸ್ ಟ್ಯೂಬೇ! ಮುಂದಿನ ವಾರ ಓರೆ ಸಾಲಿನ ಬೀಮ್ ಹಾಕುತ್ತೇವೆ ಸರ್. ಗ್ರೇಟಿಂಗ್ ಸದ್ಯಕ್ಕೆ ಬೇಡ. ವೈಬ್ರೇಟರ್ ನಾನೇ ಹಿಡಿಯುತ್ತೇನೆ.