ಪದಚರ್ಚೆ: ‘ಮಲ ಕಸಿ’ ಎನ್ನುವುದೋ, ‘ಮಲದ ಹೆಪ್ಪು’ ಎನ್ನುವುದೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಶಿವಮೊಗ್ಗದ ವೈದ್ಯರೊಬ್ಬರು ತಮ್ಮಲ್ಲಿಗೆ ಬರುವ ರೋಗಿಗಳಿಗೆ ಹಂಚುವುದಕ್ಕಾಗಿ ನಾಲ್ಕು ಪುಟದ ತಿಳಿವಳಿಕೆ ಪತ್ರವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿಕೊಡುವಂತೆ ನನ್ನನ್ನು ಕೇಳಿದ್ದಾರೆ. ಅದರ ವಿಷಯ ‘ಫೀಕಲ್ ಮೈಕ್ರೋಬಯೋಟಾ ಟ್ರಾನ್ಸ್‌ಪ್ಲಾಂಟೇಶನ್’ ಎಂಬ ಚಿಕಿತ್ಸೆ: ಆರೋಗ್ಯವಂತರೊಬ್ಬರ ಮಲವನ್ನು ಪಡೆದು, ಅದರಲ್ಲಿ ರೋಗಾಣುಗಳಿಲ್ಲವೆಂದು ಪರೀಕ್ಷಿಸಿ, ಲವಣಜಲದಲ್ಲಿ ಕದಡಿ ಸೋಸಿ, ಅದರೊಳಗಿನ ಸೂಕ್ಷ್ಮಜೀವಿಗಳನ್ನು ಕೊಳವೆಯ ಮೂಲಕವೋ ಗುಳಿಗೆಯಲ್ಲಿ ತುಂಬಿಯೋ ರೋಗಿಯ ಕರುಳಿಗೆ ಸೇರಿಸುವುದು. ಐಬಿಎಸ್ ಎಂದು ಎಲ್ಲರೂ ಕರೆಯುವ ‘ಇರಿಟೇಬಲ್ ಬವೆಲ್ ಸಿಂಡ್ರೋಮ್’ನಿಂದ, ಅಂದರೆ ಹೊಟ್ಟೆನೋವಿನ ಜೊತೆಗೆ ಬೇಧಿಯೋ ಮಲಬದ್ಧತೆಯೋ ಮತ್ತೆ ಮತ್ತೆ ಕಾಡುವ ಕರುಳಿನ ತೊಂದರೆಯಿಂದ, ವರ್ಷಗಟ್ಟಲೆ ನರಳಿದವರು ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿಕೊಂಡು ಬಂದು, ಇದನ್ನು ತಮಗೂ ಮಾಡಿ ಎಂದು ಕೇಳುತ್ತಾರಂತೆ. ಈ ಚಿಕಿತ್ಸೆ ಯಾವ ಕಾಯಿಲೆಗೆ ಒದಗಿದೆ, ಐಬಿಎಸ್‌ಗೆ ಏಕೆ ಇನ್ನೂ ಒದಗಿಲ್ಲ ಎಂಬುದನ್ನು ತಿಳಿಸುವುದೇ ಪತ್ರದ ಉದ್ದೇಶ. ಇಂಗ್ಲಿಷ್ ಹೆಸರನ್ನು ಹಾಗೆಯೇ ಉಳಿಸಿದರೆ, ಓದಬೇಕಾದವರೇ ಪತ್ರವನ್ನು ಮಡಿಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಆದ್ದರಿಂದ ಕನ್ನಡದಲ್ಲಿ ಇದನ್ನು ಏನೆಂದು ಕರೆಯಬೇಕು ಎಂಬುದು ನನ್ನ ಪ್ರಶ್ನೆ. ಈವರೆಗೆ ನನಗೆ ಹೊಳೆದದ್ದನ್ನೂ ಜೊತೆಗೆ ಬರೆಯುತ್ತಿದ್ದೇನೆ.

ಮೊದಲ ಕರಡಿನಲ್ಲಿ ನಾನು ಬರೆದದ್ದು ‘ಮಲ ಕಸಿ’. ಮೂತ್ರಪಿಂಡ ಕಸಿ, ಯಕೃತ್ತಿನ ಕಸಿ, ಅಸ್ಥಿಮಜ್ಜೆ ಕಸಿ ಎಂಬ ಪದಗಳು ಆಗಲೇ ಬಳಕೆಯಲ್ಲಿರುವುದರಿಂದ ಅದು ತಾನಾಗಿಯೇ ಬಂತು. ತೀರ್ಥಹಳ್ಳಿಯ ಬಳಿ ಇರುವ ನನ್ನ ಚಿಕ್ಕಮ್ಮ ಹತ್ತು ವರ್ಷಗಳಿಂದ ಇದೇ ಹೊಟ್ಟೆಯ ತೊಂದರೆಯನ್ನು ಅನುಭವಿಸುತ್ತಿರುವವರು; ಕರಡನ್ನು ಅವರಿಗೆ ಓದಿ ಹೇಳಿದೆ. ಅರ್ಧ ಪುಟ ಮುಗಿಯುವಷ್ಟರಲ್ಲಿ ಅವರು ನನ್ನನ್ನು ತಡೆದು, ‘ಅಂದ್ರೆ ನನ್ನ ಕರುಳು ಕೊಯ್ದು ಬೇರೆಯವ್ರದ್ದು ಹೊಲೀತಾರೇನೋ?’ ಎಂದು ಕೇಳಿದರು. ತಪ್ಪು ಅವರದಲ್ಲ, ನಾನು ಆರಿಸಿಕೊಂಡ ಪದದ್ದು.

ನಮ್ಮ ಕಡೆ ಕಸಿ ಎಂದರೆ ಕಣ್ಣಿಗೆ ಕಾಣುವ ಕೆಲಸ. ಅಪ್ಪೆಮಿಡಿಯ ಕಡ್ಡಿಯನ್ನು ಕಾಡುಮಾವಿನ ಸಸಿಗೆ ಕಟ್ಟುತ್ತಾರೆ. ಸೊರಗು ರೋಗಕ್ಕೆ ಹೆದರಿ ಕಾಳುಮೆಣಸಿನ ಕುಡಿಯನ್ನು ಹಿಪ್ಪಲಿಯ ಬುಡಕ್ಕೆ ಕಟ್ಟುತ್ತಾರೆ. ಅಲ್ಲಿ ಚೂರಿಯಿದೆ, ಎರಡು ಹಸಿ ಗಾಯಗಳ ಕೂಡಿಕೆಯಿದೆ, ಪ್ಲಾಸ್ಟಿಕ್ ಪಟ್ಟಿಯ ಬಿಗಿತವಿದೆ, ಹತ್ತು ವರ್ಷ ಕಳೆದರೂ ಕಾಂಡದ ಮೇಲೆ ಉಳಿಯುವ ಗಂಟಿದೆ. ಬೇರು ಬೇರಿನದಾಗಿಯೇ, ಕೊಂಬೆ ಕೊಂಬೆಯದಾಗಿಯೇ ಇದ್ದು ಎರಡೂ ಸೇರಿ ಒಂದು ಗಿಡವಾಗುತ್ತದೆ. ಮೂತ್ರಪಿಂಡದ ವಿಷಯದಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಆಗುವುದರಿಂದ ತೋಟದ ಪದವು ಆಸ್ಪತ್ರೆಗೆ ಒಪ್ಪವಾಗಿ ಹೊಂದಿಕೊಂಡಿತು. ಆದರೆ ಮಲದ ಚಿಕಿತ್ಸೆಯಲ್ಲಿ ಕೊಯ್ಯುವುದೂ ಇಲ್ಲ, ಹೊಲಿಯುವುದೂ ಇಲ್ಲ. ಒಳಗೆ ಹೋಗುವುದು ಒಂದು ಅಂಗವಲ್ಲ. ನೂರಾರು ಬಗೆಯ ಸೂಕ್ಷ್ಮಜೀವಿಗಳ ಗುಂಪು. ಅವು ಅಲ್ಲಿ ಹೆಚ್ಚಬಹುದು ಅಥವಾ ಇದ್ದವರ ನಡುವೆ ಕಳೆದುಹೋಗಬಹುದು. (ಕಸಿ ಎಂಬ ಕ್ರಿಯಾಪದಕ್ಕೆ ಕಿತ್ತುಕೊಳ್ಳು ಎಂಬ ಅರ್ಥವೂ ಇರುವುದರಿಂದ ‘ಮಲ ಕಸಿ’ ಎಂಬುದು ಯಾರಿಗೋ ಕೊಟ್ಟ ಆಜ್ಞೆಯಂತೆಯೂ ಕೇಳಿಸುತ್ತದೆ, ಆ ಮಾತು ಬಿಡಿ.)

ಕಸಿಯ ಸಂಸಾರದಿಂದ ಒಂದು ಪದವನ್ನು ಮಾತ್ರ ನಾನು ಉಳಿಸಿಕೊಳ್ಳಲು ಬಯಸುತ್ತೇನೆ. ದಾನಿಯ ಸೂಕ್ಷ್ಮಜೀವಿಗಳು ತಿಂಗಳುಗಳ ಬಳಿಕವೂ ರೋಗಿಯ ಕರುಳಿನಲ್ಲಿ ನೆಲೆನಿಂತಿವೆಯೇ ಎಂಬುದನ್ನು ಸಂಶೋಧಕರು ಪ್ರತ್ಯೇಕವಾಗಿ ಅಳೆಯುತ್ತಾರೆ. ಅದಕ್ಕೆ ‘ಹತ್ತುವುದು’ ಎಂಬ ಪದ ಸೊಗಸಾಗಿ ಒಪ್ಪುತ್ತದೆ. ಕಸಿ ಹತ್ತುತ್ತದೆ, ಉಂಡದ್ದು ಮೈಗೆ ಹತ್ತುತ್ತದೆ, ಇದೂ ಹತ್ತಬೇಕು.

ಇನ್ನು ‘ಮಲ’. ಸಂಸ್ಕೃತದಲ್ಲಿ ಅದು ಮೊದಲಿಗೆ ಕೊಳೆ, ಕಶ್ಮಲ. ವೀರಶೈವ ಪರಂಪರೆಯ ಮಲತ್ರಯಗಳಾದ ಆಣವ, ಮಾಯಾ, ಕಾರ್ಮಿಕಗಳು ಜೀವಕ್ಕೆ ಅಂಟಿದ ಕೊಳೆಗಳೇ ಹೊರತು ಹೊಟ್ಟೆಗೆ ಸಂಬಂಧಿಸಿದವಲ್ಲ. ತಮಾಷೆಯೆಂದರೆ, ಅದನ್ನು ಹೊರಹಾಕುವ ಕ್ರಿಯೆಗೆ ನಾವು ‘ಶೌಚ’ ಎನ್ನುತ್ತೇವೆ, ಅಂದರೆ ಶುಚಿತ್ವ. ಆಯುರ್ವೇದವು ದೋಷ, ಧಾತುಗಳ ಸಾಲಿನಲ್ಲಿ ಮಲವನ್ನೂ ಇಟ್ಟು ಈ ಮೂರೂ ಶರೀರದ ಮೂಲವೆಂದು ಎಣಿಸಿತಾದರೂ ಬಳಕೆಯ ಕನ್ನಡದಲ್ಲಿ ಆ ಗೌರವ ಉಳಿದಿಲ್ಲ. ದನದ್ದಾದರೆ ಸಗಣಿ, ಆಡಿನದಾದರೆ ಹಿಕ್ಕೆ, ಆನೆಯದಾದರೆ ಲದ್ದಿ ಎಂದು ನಿಸ್ಸಂಕೋಚವಾಗಿ ಹೆಸರಿಸುವ ನಾವು, ಮನುಷ್ಯನದಕ್ಕೆ ಬಂದಾಗ ‘ಹೊರಕಡೆ ಹೋಗುವುದು’ ಎಂದು ಜಾಗವನ್ನು ಹೇಳಿ ವಸ್ತುವನ್ನು ಮರೆಮಾಡುತ್ತೇವೆ. ‘ಪುರೀಷ’ವನ್ನು ಬಳಸಿದರೆ ಅಸಹ್ಯದ ಜೊತೆಗೆ ಅರ್ಥವೂ ಮಾಯವಾಗುತ್ತದೆ. ಚೀನಾದಲ್ಲಿ 4ನೆಯ ಶತಮಾನದ ವೈದ್ಯ ಗೆ ಹಾಂಗ್ ತೀವ್ರ ಬೇಧಿಗೆ ಮಲದ ದ್ರಾವಣವನ್ನು ಕುಡಿಸಿದ ದಾಖಲೆಯಿದೆ. ಮುಂದೆ ಅಲ್ಲಿಯವರು ಇಂಥ ಮದ್ದಿಗೆ ‘ಹಳದಿ ಸಾರು’ ಎಂಬ ಹೆಸರಿಟ್ಟು ಮುಜುಗರವನ್ನು ನಿವಾರಿಸಿಕೊಂಡರು. ನಾವು ಹಾಗೆ ಮಾಡಿದರೆ ನಮ್ಮೂರಿನ ಸಾರಿಗೇ ಅವಮಾನವಾದೀತು.

‘ಮೈಕ್ರೋಬಯೋಟಾ’ಕ್ಕೆ ಸೂಕ್ಷ್ಮಜೀವಿ ಸಮುದಾಯ, ಸೂಕ್ಷ್ಮಾಣು ಸಂಕುಲ ಎಂಬ ಪದಗಳು ಕೈಗೆ ಸಿಗುತ್ತವೆ. ಅಡಿಕೆ ತೋಟಕ್ಕೆ ಜೀವಾಮೃತ ಕಲಸುವವರಿಗೆ ‘ಸೂಕ್ಷ್ಮಾಣು’ ಹೊಸ ಪದವೇನಲ್ಲ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟುಗಳ ಜೊತೆ ಒಂದು ಹಿಡಿ ಮಣ್ಣನ್ನು ಏಕೆ ಹಾಕುತ್ತಾರೆಂದು ಅವರು ನಮಗೆ ವಿವರಿಸಬಲ್ಲರು. ಆದರೂ ನನಗೆ ‘ಒಕ್ಕಲು’ ಎಂಬ ಪದದ ಮೇಲೆ ಮನಸ್ಸಿದೆ. ಕರುಳಿನಲ್ಲಿ ನೆಲೆಸಿ, ನಾವು ಉಂಡ ನಾರನ್ನು ಉಂಡು, ಪ್ರತಿಯಾಗಿ ನಮಗೆ ಬೇಕಾದದ್ದನ್ನು ತಯಾರಿಸಿಕೊಡುವ ಈ ಜೀವಿಗಳು ಅತಿಥಿಗಳೂ ಅಲ್ಲ, ಕಳ್ಳರೂ ಅಲ್ಲ, ಒಕ್ಕಲುಗಳು. ಆ್ಯಂಟಿಬಯಾಟಿಕ್ ಮಾಡುವುದು ಒಕ್ಕಲೆಬ್ಬಿಸುವ ಕೆಲಸ. ಗೇಣಿ ಅಳೆಯುವ ಕೊಳಗದ ಜಗಳದಿಂದ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ಸಾಗರ ಸೀಮೆಯಲ್ಲಿ ಒಕ್ಕಲು, ಒಕ್ಕಲೆಬ್ಬಿಸು ಎಂಬ ಮಾತುಗಳ ಭಾರವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಆ ಭಾರವೇ ಹೆಚ್ಚಾಯಿತೇನೋ ಎಂಬ ಅನುಮಾನದಿಂದ ಹೆಸರಿನಲ್ಲಿ ಅದನ್ನು ತರದೆ, ವಿವರಣೆಯಲ್ಲಿ ಮಾತ್ರ ‘ಕರುಳಿನ ಒಕ್ಕಲು’ ಎಂದು ಒಮ್ಮೆ ಬಳಸಿದ್ದೇನೆ.

ಈಗ ‘ಹೆಪ್ಪು’. ಚಿಕ್ಕಮ್ಮನಿಗೆ ಇದನ್ನು ಬಿಡಿಸಿ ಹೇಳುವಾಗ ನನ್ನ ಬಾಯಿಂದ ಬಂದ ಪದವಿದು. ಅವರಿಗೆ ಅರೆಗಳಿಗೆಯಲ್ಲಿ ಅರ್ಥವಾಯಿತು. ಹೆಪ್ಪೆಂದರೆ ಇಡೀ ಪಾತ್ರೆಯ ಸ್ವಭಾವವನ್ನು ಬದಲಿಸಬಲ್ಲ, ಜೀವವಿರುವ ಒಂದು ಚಮಚೆಯಷ್ಟು ವಸ್ತು. ನಮ್ಮ ಮನೆಯ ಮೊಸರು ಕೆಟ್ಟಾಗ ಅದನ್ನು ಪಕ್ಕದ ಮನೆಯಿಂದ ಬೇಡಿ ತರುತ್ತೇವೆ, ಮತ್ತು ಯಾರ ಮನೆಯ ಮೊಸರು ಸಿಹಿಯಾಗಿ ಗಟ್ಟಿಯಾಗಿ ಬರುತ್ತದೆ ಎಂಬುದನ್ನು ನೋಡಿಕೊಂಡೇ ತರುತ್ತೇವೆ. ದಾನಿಯ ಆಯ್ಕೆ ಎಂಬ ದೊಡ್ಡ ಅಧ್ಯಾಯವೆಲ್ಲ ಆ ಒಂದು ಕ್ರಿಯೆಯಲ್ಲಿ ಅಡಗಿದೆ. ಹಾಲು ಉಗುರುಬೆಚ್ಚಗಿರಬೇಕು, ಆಷಾಢದ ಚಳಿಯಲ್ಲಿ ಪಾತ್ರೆಯನ್ನು ಒಲೆಯ ಬದಿಗೆ ಇಡಬೇಕು, ಇಲ್ಲವಾದರೆ ಹೆಪ್ಪು ಎಷ್ಟೇ ಒಳ್ಳೆಯದಾದರೂ ಹಿಡಿಯುವುದಿಲ್ಲ.

ಈ ಹೋಲಿಕೆಯನ್ನು ನಾನು ಇಷ್ಟು ಹಿಡಿದುಕೊಂಡದ್ದಕ್ಕೆ ಬೇರೆಯೇ ಕಾರಣವಿದೆ: ಈ ಚಿಕಿತ್ಸೆ ಎಲ್ಲಿ ಗೆದ್ದಿತು, ಎಲ್ಲಿ ತಡವರಿಸಿತು ಎಂಬ ವ್ಯತ್ಯಾಸವನ್ನು ಅದು ತಾನಾಗಿಯೇ ಹೇಳುತ್ತದೆ. ಗೆದ್ದದ್ದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ರೋಗಾಣುವಿನಿಂದ ಮರುಕಳಿಸುವ ಬೇಧಿಯಲ್ಲಿ. ಆ್ಯಂಟಿಬಯಾಟಿಕ್‌ಗಳು ಕರುಳಿನ ಒಕ್ಕಲನ್ನು ಎಬ್ಬಿಸಿದ ಮೇಲೆ ಖಾಲಿಯಾದ ಜಾಗವನ್ನು ಈ ರೋಗಾಣು ಆಕ್ರಮಿಸುತ್ತದೆ. ಅಮೆರಿಕದ ಡೆನ್ವರ್‌ನಲ್ಲಿ ಬೆನ್ ಐಸ್‌ಮನ್ ಮತ್ತು ಸಂಗಡಿಗರು ಆ್ಯಂಟಿಬಯಾಟಿಕ್‌ನ ನಂತರ ಕರುಳಿನ ತೀವ್ರ ಕಾಯಿಲೆಗೆ ಸಿಕ್ಕ ನಾಲ್ವರಿಗೆ ಮಲದ ಎನಿಮಾ ಕೊಟ್ಟು ಗುಣಪಡಿಸಿದ್ದನ್ನು 1958ರಲ್ಲೇ ವರದಿ ಮಾಡಿದ್ದರು. 2013ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಪ್ರಯೋಗದಲ್ಲಿ ಮಲದ ದ್ರಾವಣ ಪಡೆದ 16 ಮಂದಿಯಲ್ಲಿ 13 ಮಂದಿ ಮೊದಲ ಸಲಕ್ಕೇ ಗುಣವಾದರು, ಎರಡನೆಯ ಸಲದಲ್ಲಿ ಇನ್ನಿಬ್ಬರು. ವ್ಯಾಂಕೊಮೈಸಿನ್ ಔಷಧವನ್ನು ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. ಇದು ಕಾಯಿಸಿ ಆರಿಸಿದ ಹಾಲಿಗೆ ಹೆಪ್ಪು ಹಾಕಿದಂತೆ. ಐಬಿಎಸ್ ಇರುವವರ ಕರುಳು ಹಾಗೆ ಖಾಲಿಯಾದ ಪಾತ್ರೆಯಲ್ಲ. ಅಲ್ಲಿ ಒಕ್ಕಲು ತುಂಬಿದೆ. ಅದರ ಸಮತೋಲ ಕೆಲವರಲ್ಲಿ ಬೇರೆಯಾಗಿದೆ, ಅಷ್ಟೇ. ಚಿಕ್ಕಮ್ಮ ಇದನ್ನು ನನಗಿಂತ ಚೆನ್ನಾಗಿ ಹೇಳಿದರು: ‘ಹುಳಿ ಮೊಸರಿಗೆ ಎಷ್ಟು ಸಿಹಿ ಹೆಪ್ಪು ಹಾಕಿದ್ರೂ ಹುಳಿ ಹೋಗ್ತದೇನೋ ಮಾರಾಯ?’

ಪ್ರಯೋಗಗಳ ಫಲವೂ ಈ ಅನುಮಾನಕ್ಕೆ ತಕ್ಕಂತೆ ಒಂದೇ ಕಡೆಗೆ ವಾಲಿಲ್ಲ. ನಾರ್ವೆಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ದಾನಿಗಳ ಮಲವನ್ನೂ ಇನ್ನೊಂದು ಗುಂಪಿಗೆ ಅವರವರದ್ದನ್ನೇ ತಿರುಗಿ ಕೊಟ್ಟರು. ಮೂರು ತಿಂಗಳಿಗೆ ಮೊದಲ ಗುಂಪಿನ ಶೇ. 65 ಮಂದಿಗೆ ಹಿತವೆನಿಸಿತ್ತು. ತಮ್ಮ ಮನೆಯ ಹೆಪ್ಪನ್ನೇ ತಮ್ಮ ಪಾತ್ರೆಗೆ ಹಾಕಿಸಿಕೊಂಡವರಲ್ಲಿಯೂ ಶೇ. 43 ಮಂದಿಗೆ ಹಿತವೆನಿಸಿತ್ತು. ವರ್ಷ ಕಳೆಯುವಷ್ಟರಲ್ಲಿ ಎರಡು ಗುಂಪುಗಳ ಅಂತರ ಗಣಿತದ ಕಣ್ಣಿಗೆ ನಿಲ್ಲದಷ್ಟು ಕುಗ್ಗಿತು. ಅದೇ ವರ್ಷ ಡೆನ್ಮಾರ್ಕ್‌ನಲ್ಲಿ ಗುಳಿಗೆಯ ರೂಪದಲ್ಲಿ ಕೊಟ್ಟಾಗ, ಹೋಲಿಕೆಗಾಗಿ ಹುಸಿಮದ್ದು (ಮದ್ದಿನಂತೆ ಕಂಡರೂ ಒಳಗೆ ಮದ್ದಿಲ್ಲದ್ದು) ಪಡೆದವರೇ ಹೆಚ್ಚು ಸುಧಾರಿಸಿದರು. 2020ರಲ್ಲಿ ಮತ್ತೆ ನಾರ್ವೆಯಿಂದ, ಆರಿಸಿ ತೆಗೆದ ಒಬ್ಬನೇ ದಾನಿಯ ಮಲವನ್ನು ಬಳಸಿ 165 ಮಂದಿಯ ಮೇಲೆ ಮಾಡಿದ ಪ್ರಯೋಗ ಬಂತು. ಹುಸಿಮದ್ದಿನ ಗುಂಪಿನಲ್ಲಿ ಶೇ. 23.6, 30 ಗ್ರಾಂ ಪಡೆದವರಲ್ಲಿ ಶೇ. 76.9, 60 ಗ್ರಾಂ ಪಡೆದವರಲ್ಲಿ ಶೇ. 89.1 ಮಂದಿ ಸುಧಾರಿಸಿದರು. ಯಾರ ಮನೆಯ ಹೆಪ್ಪು, ಎಷ್ಟು ಹೆಪ್ಪು ಎಂಬುದರ ಮೇಲೆ ಎಲ್ಲವೂ ನಿಂತಿದೆಯೇ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು. ಅಷ್ಟಾದರೂ ಅಮೆರಿಕದ ಜಠರ ಮತ್ತು ಕರುಳು ತಜ್ಞರ ಸಂಘವು 2024ರ ಮಾರ್ಗಸೂಚಿಯಲ್ಲಿ, ಸಂಶೋಧನೆಯ ಚೌಕಟ್ಟಿನ ಹೊರಗೆ ಐಬಿಎಸ್‌ಗೆ ಇದನ್ನು ಮಾಡದಿರುವಂತೆಯೇ ಸೂಚಿಸಿದೆ. ನಮ್ಮ ಪತ್ರವೂ ಅದನ್ನೇ ಹೇಳಬೇಕಾಗಿದೆ.

ಇಲ್ಲಿಯೇ ನನಗೆ ತೊಡಕು ಎದುರಾದದ್ದು. ಹೆಪ್ಪಿನ ಮಾತನ್ನು ಮೆಚ್ಚಿಕೊಂಡ ಚಿಕ್ಕಮ್ಮನ ಮುಂದಿನ ಪ್ರಶ್ನೆ, ‘ಹಾಗಾದ್ರೆ ಮನೇಲೇ ಮಾಡ್ಕಬಹುದಲ್ಲ?’ ಎಂಬುದಾಗಿತ್ತು. ಹೆಪ್ಪು ಅಡುಗೆಮನೆಯ ಪದ. ಅದು ಭಯವನ್ನು ಕಳೆಯುವಷ್ಟೇ ಸುಲಭವಾಗಿ ಎಚ್ಚರವನ್ನೂ ಕಳೆಯುತ್ತದೆ. ದಾನಿಯ ಮಲದಲ್ಲಿದ್ದ, ಔಷಧಗಳಿಗೆ ಜಗ್ಗದ ಇ. ಕೋಲಿ ಬ್ಯಾಕ್ಟೀರಿಯಾ ಇಬ್ಬರು ರೋಗಿಗಳಿಗೆ ತಗಲಿ ಒಬ್ಬರು ಸಾವಿಗೀಡಾದರೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2019ರ ಜೂನ್‌ನಲ್ಲಿ ಎಚ್ಚರಿಕೆ ನೀಡಿತ್ತು. ಅವರಿಬ್ಬರೂ ರೋಗನಿರೋಧಕ ಶಕ್ತಿ ಕುಂದಿದ್ದವರು. ಹೆಸರು ದಾರಿ ತಪ್ಪಿಸಿದರೆ ಏನಾಗುತ್ತದೆಂದು ನಮ್ಮ ಜಿಲ್ಲೆಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಜ್ವರಕ್ಕೆ ‘ಮಂಗನ ಕಾಯಿಲೆ’ ಎಂಬ ಹೆಸರು ನಿಂತುಬಿಟ್ಟಿತು. ಮನುಷ್ಯರಿಗೆ ಅದನ್ನು ಅಂಟಿಸುವುದು ಉಣುಗು, ಮಂಗವಾದರೋ ನಮ್ಮ ಹಾಗೆಯೇ ಆ ರೋಗದಿಂದ ಸಾಯುವ ಪ್ರಾಣಿ. ಆದರೂ ಹೆಸರಿನಲ್ಲಿ ಉಣುಗಿಗೆ ಜಾಗ ಸಿಗಲಿಲ್ಲ.

ಆದ್ದರಿಂದ ಮೊದಲು ಕಿತ್ತುಹಾಕಬೇಕೆಂದುಕೊಂಡಿದ್ದ ‘ಮಲ’ವನ್ನೇ ಹಿಂದಕ್ಕೆ ಕರೆದಿದ್ದೇನೆ. ‘ಮಲದ ಹೆಪ್ಪು ಚಿಕಿತ್ಸೆ’ ಎಂಬುದು ಸದ್ಯದ ನನ್ನ ಸೂಚನೆ. ಹೆಪ್ಪು ಕೆಲಸದ ಬಗೆಯನ್ನು ತಿಳಿಸುತ್ತದೆ. ಮಲವು ಕೈ ಹಾಕುವ ಮುನ್ನ ತಡೆಯುವ ಬೇಲಿಯಾಗುತ್ತದೆ. ‘ಮಲಹೆಪ್ಪು’ ಎಂದು ಕೂಡಿಸಿದರೆ ಅರಿಸಮಾಸವಾಯಿತೆಂದು ಬಳಗದ ವ್ಯಾಕರಣಪ್ರಿಯರು ಹುಬ್ಬು ಗಂಟಿಕ್ಕುತ್ತಾರೆಂದು ಗೊತ್ತಿರುವುದರಿಂದ ಬಿಡಿಸಿಯೇ ಬರೆದಿದ್ದೇನೆ. ವೈದ್ಯರಿಗೆ ಮಾತ್ರ ಇದು ಅಷ್ಟಾಗಿ ಹಿಡಿಸಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಮೊಸರು ನೆನಪಾಗಬಾರದು ಎಂಬುದು ಅವರ ಆಕ್ಷೇಪ.

ಐಬಿಎಸ್ ಎಂಬ ಕಾಯಿಲೆಯ ಹೆಸರಿನ ಬಗ್ಗೆಯೂ ಒಂದು ಮಾತು. ‘ಕೆರಳುವ ಕರುಳು’ ಎಂದರೆ ಉರಿಯೂತದ ನೆನಪಾಗುತ್ತದೆ, ಮತ್ತು ಕರುಳಿನ ಉರಿಯೂತ ಬೇರೆಯದೇ ಕಾಯಿಲೆ. ಇದರಲ್ಲಿ ಹುಣ್ಣಿಲ್ಲ, ಗಾಯವಿಲ್ಲ; ಇತರರಿಗೆ ಅರಿವಿಗೂ ಬಾರದ ಹಿಗ್ಗುವಿಕೆ ಇವರ ಕರುಳಿಗೆ ನೋವಾಗುತ್ತದೆ. ಮುಟ್ಟಿದರೆ ಮುನಿ ಗಿಡ ಗಾಯವಿಲ್ಲದೆಯೂ ಎಲೆ ಮಡಿಚಿಕೊಳ್ಳುವಂತೆ. ಅದರಿಂದ ‘ಮುನಿಗರುಳು’ ಎಂದು ಕಟ್ಟಬಹುದೇ? ಋಷಿಮುನಿಗಳ ಕರುಳೆಂದು ಯಾರಾದರೂ ಭಾವಿಸಿಯಾರೆಂಬ ಅಳುಕಿದೆ.

ಕೊನೆಯದಾಗಿ, ಹೈನುಗಾರಿಕೆಯ ಅನುಭವವಿರುವ ಹಿರಿಯರಲ್ಲಿ ವಿಶೇಷವಾಗಿ ಕೇಳುವುದಿದೆ. ಮೆಲುಕು ಹಾಕುವುದನ್ನು ಬಿಟ್ಟ ದನಕ್ಕೆ ಆರೋಗ್ಯವಂತ ದನದ ಮೊದಲ ಹೊಟ್ಟೆಯ ದ್ರವವನ್ನು ಕುಡಿಸುವ ಪದ್ಧತಿ ಪಶುವೈದ್ಯರಲ್ಲಿದೆ, ತತ್ತ್ವ ಇದೇ. ಒಂದು ದನದ ಮೆಲುಕನ್ನು ಇನ್ನೊಂದಕ್ಕೆ ಕೊಡುವ ಈ ಕ್ರಿಯೆಗೆ ಹೊಸನಗರ, ಸಾಗರ, ಕೊಪ್ಪ, ಶೃಂಗೇರಿಯ ಕೊಟ್ಟಿಗೆಗಳಲ್ಲಿ ಒಂದು ಹೆಸರಿದ್ದರೆ, ನಾನು ಇಷ್ಟುದ್ದ ಬರೆದದ್ದನ್ನೆಲ್ಲ ಬದಿಗಿಟ್ಟು ಅದನ್ನೇ ತೆಗೆದುಕೊಳ್ಳುತ್ತೇನೆ. ಪತ್ರವು ದೀಪಾವಳಿ ಕಳೆದ ಮೇಲೆ ಅಚ್ಚಿಗೆ ಹೋಗಲಿದೆ; ಅಷ್ಟರೊಳಗೆ ಬರೆದರೆ ಉಪಕಾರವಾಗುತ್ತದೆ.