ಪದ ಬೇಕು: ಮ್ಯಾಕ್ರೋಫೇಜ್‌ಗೆ ‘ಮಹಾಭಕ್ಷಕ’ ಸರಿಯೇ?

ಗೆಳೆಯರೇ,
ವಿಜ್ಞಾನ ಪ್ರದರ್ಶನದ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಮ್ಯಾಕ್ರೋಫೇಜ್‌ಗಳು (ಸೂಕ್ಷ್ಮಾಣುಗಳನ್ನು ನುಂಗುವ ನಮ್ಮ ಮೈಯ ರಕ್ಷಣಾ ಕೋಶಗಳು) ಏನು ಮಾಡುತ್ತವೆ, ಅವನ್ನು ಹತೋಟಿಯಲ್ಲಿ ಇಡುವುದು ಯಾವುದು ಅನ್ನುವುದು ವಿಷಯ. ಸದ್ಯಕ್ಕೆ ‘ಮಹಾಭಕ್ಷಕ ಕೋಶ’ ಅಂತ ಹಾಕಿದ್ದೇನೆ. ಮಗಳು ಓದಿ, “ನರಭಕ್ಷಕ ಹುಲಿ ಥರಾನಾ?” ಅಂದಳು. ಆ ಕೋಶ ಕೆಲಸಕ್ಕೆ ಇಳಿಯುವುದಕ್ಕೆ ‘ಸಕ್ರಿಯಗೊಳ್ಳುವಿಕೆ’ ಅಂತ ಬರೆದೆ. ಅದೂ ಹಿಡಿಸುತ್ತಿಲ್ಲ. ದಯವಿಟ್ಟು ಇವತ್ತೇ ತಿಳಿಸಿ.

---

ಮ್ಯಾಕ್ರೋಫೇಜ್ ಅಂತಲೇ ಬರೆಯಿರಿ. ವಿಟಮಿನ್, ಹಾರ್ಮೋನ್ ಹಾಗೇ ಉಳಿದಿಲ್ವಾ? ಸುಮ್ನೆ ಪದ ಕಟ್ಟಿ ಓದುಗರನ್ನು ಗೋಳಾಡಿಸಬೇಡಿ.

---

ಹಾಗೇ ಇಡಿ ಅನ್ನುವುದು ಉತ್ತರವಲ್ಲ. ಅದು ಇಂಗ್ಲಿಷರ ಪದವೂ ಅಲ್ಲ. ಗ್ರೀಕಿನ ‘ದೊಡ್ಡ’ ಮತ್ತು ‘ತಿನ್ನು’ ಸೇರಿಸಿ ಜೀವವಿಜ್ಞಾನಿ ಮೆಚ್ನಿಕಾಫ್ ಕಟ್ಟಿದ್ದು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಅವರು ನಕ್ಷತ್ರಮೀನಿನ ಲಾರ್ವಾದೊಳಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ಬೆಳಗ್ಗೆ ನೋಡಿದರೆ ಮುಳ್ಳನ್ನು ಕೋಶಗಳು ಮುತ್ತಿಕೊಂಡಿದ್ದವು. ಮುಂದೆ ಅವರು ನುಂಗುವ ಕೋಶಗಳನ್ನು ದೊಡ್ಡವು, ಚಿಕ್ಕವು ಅಂತ ಎರಡು ಬಗೆ ಮಾಡಿದರು. ಅವರು ಗ್ರೀಕಿನಲ್ಲಿ ಮಾಡಿದ್ದನ್ನು ನಾವು ಕನ್ನಡದಲ್ಲಿ ಮಾಡಬಾರದೇ? ಹೆಮ್ಮರ, ಹೆದ್ದಾರಿ, ಹೆಬ್ಬಾವು ಇದ್ದ ಹಾಗೆ ‘ಹೆನ್ನುಂಗಿ’. ಚಿಕ್ಕದಕ್ಕೆ ‘ಕಿರುನುಂಗಿ’. ದಯವಿಟ್ಟು ‘ಮಹಾನುಂಗಿ’ ಮಾಡಬೇಡಿ, ಅದು ಅರಿಸಮಾಸ. ಹಿಂದೆ ‘ಕೋಶ’ ಅಂಟಿಸುವುದೂ ಬೇಡ.

---

‘ಹೆನ್ನುಂಗಿ’ ನನಗೂ ಹಿಡಿಸಿತು. ಆದರೆ ನುಂಗುವಲ್ಲಿಗೆ ಅದರ ಕೆಲಸ ಮುಗಿಯುವುದಿಲ್ಲ. ನುಂಗಿದ್ದನ್ನು ಒಳಗೆ ಅರಗಿಸಿ, ಅದರ ಚೂರನ್ನು ಮೈಮೇಲೆ ಹಿಡಿದು ಟಿ ಕೋಶಕ್ಕೆ (ಅದೂ ರೋಗದ ವಿರುದ್ಧ ಕಾಯುವ ಇನ್ನೊಂದು ಬಗೆಯ ಕೋಶ) ತೋರಿಸುತ್ತದೆ. ಸುಮಾರು 120 ದಿನ ಓಡಾಡಿ ಹಳತಾದ ಕೆಂಪು ರಕ್ತಕಣವನ್ನು ಗುಲ್ಮದಲ್ಲಿ ನುಂಗಿ, ಅದರ ಕಬ್ಬಿಣವನ್ನು ಮತ್ತೆ ಬಳಕೆಗೆ ಬಿಡುತ್ತದೆ. ಸೋಂಕೇ ಇಲ್ಲದ ದಿನವೂ ಇದು ನಡೆದೇ ಇರುತ್ತದೆ. ಇಷ್ಟು ಒಳ್ಳೆಯ ಕೆಲಸದ ಕೋಶಕ್ಕೆ ‘ಭಕ್ಷಕ’ ಅನ್ನಲು ನನಗೆ ಮನಸ್ಸು ಬಾರದು.

‘ಸಕ್ರಿಯ’ ತಪ್ಪಾಗುವುದೂ ಇದಕ್ಕೇ. ಅಲ್ಲಿಯವರೆಗೆ ಕೈಕಟ್ಟಿ ಕೂತಿತ್ತು ಅನ್ನುವ ಅರ್ಥ ಬರುತ್ತದೆ. ‘ಕೆರಳು’ ಅನ್ನಿ. ಟಿ ಕೋಶ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶ ಒಯ್ಯುವ ಪ್ರೋಟೀನ್ ಬಿಟ್ಟಾಗ ಹೆನ್ನುಂಗಿ ಕೆರಳುತ್ತದೆ, ನುಂಗಿದ ಸೂಕ್ಷ್ಮಾಣುವನ್ನು ಕೊಲ್ಲುವ ಕಸುವು ಜಾಸ್ತಿಯಾಗುತ್ತದೆ. ಇಂಟರ್‌ಲ್ಯೂಕಿನ್ 10 ಎಂಬ ಇನ್ನೊಂದು ಸಂದೇಶ ಪ್ರೋಟೀನ್ ಅದನ್ನು ತಣಿಸುತ್ತದೆ. ಇಂಟರ್‌ಲ್ಯೂಕಿನ್ 4 ಗಾಯ ಮಾಯಿಸುವ ಕಡೆಗೆ ತಿರುಗಿಸುತ್ತದೆ. ಕೆರಳಿದ್ದು ತಣಿಯದೇ ಹೋದರೆ ನಮ್ಮದೇ ಅಂಗಾಂಶ ಹಾಳಾಗುತ್ತದೆ. ಇನ್ನೊಂದು ವಿಷಯ: ನಮ್ಮ ಕೋಶಗಳ ಮೈಮೇಲೆ ಸಿಡಿ47 ಎಂಬ ಪ್ರೋಟೀನ್ ಇರುತ್ತದೆ. ಅದು ಹೆನ್ನುಂಗಿಯನ್ನು ತಡೆಯುತ್ತದೆ. ಫಲಕದಲ್ಲಿ ಅದಕ್ಕೆ ‘ನನ್ನ ನುಂಗಬೇಡ ಗುರುತು’ ಅಂತ ಬರೆದರೆ ಮಕ್ಕಳಿಗೂ ತಿಳಿಯುತ್ತದೆ.

---

ಕೆರಳುವುದು ಅಂದರೆ ಸಿಟ್ಟು. ಕೋಶಕ್ಕೆ ಸಿಟ್ಟು ಬರುತ್ತದೆಯೇ? ವಿಜ್ಞಾನದ ಬರಹದಲ್ಲಿ ಇಂಥದ್ದು ಸಲ್ಲದು.

---

ಹುಣ್ಣು ಕೆರಳುತ್ತದೆ ಅನ್ನುವುದಿಲ್ಲವೇ? ಹುಣ್ಣಿಗೆ ಸಿಟ್ಟಿದೆಯೇ?

---

ಎಲ್ಲರಿಗೂ ವಂದನೆ. ಸಾಲು ಹೀಗೆ ಕೂರಿಸಿದೆ: “ಮ್ಯಾಕ್ರೋಫೇಜ್ ಎಂಬ ಹೆನ್ನುಂಗಿ ಸೋಂಕು ಕಂಡಾಗ ಕೆರಳುತ್ತದೆ, ಕೆಲಸ ಮುಗಿದಾಗ ತಣಿಯುತ್ತದೆ.” ಮೊದಲ ಸಲ ಮಾತ್ರ ಎರಡೂ ಹೆಸರು, ಆಮೇಲೆಲ್ಲ ಹೆನ್ನುಂಗಿ. ಮಗಳಿಗೆ ಓದಿ ಹೇಳಿದೆ. ಈ ಸಲ ಹುಲಿಯ ಸುದ್ದಿ ಬರಲಿಲ್ಲ, “ತಣಿಸೋದು ಯಾರು?” ಅಂತ ಕೇಳಿದಳು.